ಸುರುಳಿಯ ಮೇಲಿನ ಕಚೇರಿ

ಮಂಡ್ಯ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಹಾಡುಗಾರಿಕೆಯನ್ನು ಗಡಿಯಾರದಿಂದ ಅಳೆಯುವ ಅಭ್ಯಾಸ ಮೊದಲಿನಿಂದ ಇದ್ದುದಲ್ಲ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದ ಮಠಕ್ಕೆ ನಡೆದುಕೊಳ್ಳುವ ನೀಲಗಾರರು ತಂಬೂರಿಯನ್ನು ಹೆಗಲಿಗೇರಿಸಿ, ದಮ್ಮಡಿ ತಾಳಗಳ ಹಿಮ್ಮೇಳದೊಡನೆ ಮಂಟೇಸ್ವಾಮಿಯ ಕಥೆಗೆ ತೊಡಗಿದರೆಂದರೆ ಅದು ಕೋಳಿ ಕೂಗುವವರೆಗೆ ಸಾಗತಕ್ಕ ಕಾರ್ಯ. ಕೇಳುವವರ ಆಸಕ್ತಿ ಕಂಡರೆ ಪ್ರಸಂಗ ಹಿಗ್ಗುವುದು, ತೂಕಡಿಸುವವರು ಹೆಚ್ಚಿದರೆ ನಡುವೆ ಒಂದು ಹಾಸ್ಯ ನುಸುಳುವುದು, ಹಿಮ್ಮೇಳದವನ ದನಿ ಬಿದ್ದರೆ ಮುಮ್ಮೇಳದವನು ಶ್ರುತಿಯನ್ನು ಎತ್ತಿಕೊಡುವುದು, ಇವೆಲ್ಲ ಆ ಕಲೆಯ ಅಂಗಗಳೇ ಆಗಿದ್ದುವು. ಕ್ಯಾಸೆಟ್ಟು ಬಂದ ಮೇಲೆ ಅದೇ ಕಥೆ, ಮಳವಳ್ಳಿ ಮಹದೇವಸ್ವಾಮಿಯವರಂಥ ಪ್ರಸಿದ್ಧ ಗಾಯಕರ ಕಂಠದಲ್ಲಿ, ಮಗ್ಗುಲಿಗೆ ಅರ್ಧ ಗಂಟೆಯಂತೆ ಭಾಗವಾಗಿ ಹೋಟೆಲುಗಳಲ್ಲಿಯೂ ಟ್ರ್ಯಾಕ್ಟರುಗಳ ಮೇಲೂ ಕೇಳಿಬರತೊಡಗಿತು. ನಮ್ಮ ಗೆಜ್ಜಲಗೆರೆಯ ಹಿರಿಯರಲ್ಲಿ ಎರಡನ್ನೂ ಕೇಳಿದವರುಂಟು. ಕ್ಯಾಸೆಟ್ಟಿನ ಕಥೆ ಚೊಕ್ಕಟವಾದುದೆಂದು ಒಪ್ಪುತ್ತಲೇ, ಕೇಳಿದೆನೆಂಬ ತೃಪ್ತಿ ಬೇಕಾದರೆ ಜಾತ್ರೆಯ ರಾತ್ರಿಯ ಕಥೆಯೇ ಆಗಬೇಕೆಂದು ಅವರು ಹಟ ಹಿಡಿಯುವರು.

ಇಂಥದೇ ಹಟವನ್ನು ಅರ್ಧ ಶತಮಾನಕ್ಕೂ ಮೇಲ್ಪಟ್ಟು ಹಿಡಿದುಕೊಂಡು ಬಂದಿರುವ ಒಂದು ಶ್ರೋತೃವರ್ಗ ಪಾಶ್ಚಾತ್ಯ ಸಂಗೀತಪ್ರಪಂಚದಲ್ಲಿಯೂ ಇದೆ. ಪ್ರೋಗ್ರೆಸಿವ್ ರಾಕ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಸಂಗೀತಪ್ರಕಾರದ ರಸಿಕರು ಅವರು. ಆ ಪ್ರಕಾರದ ಹಿರಿಯ ವಾದ್ಯತಂಡಗಳು ಸ್ಟುಡಿಯೊದ ಮುಚ್ಚಿದ ಕೋಣೆಯಲ್ಲಿ ತಿಂಗಳುಗಟ್ಟಲೆ ತಿದ್ದಿ ತೀಡಿ ಹೊರತಂದ ಮುದ್ರಿಕೆಗಳನ್ನು ಅವರು ಗೌರವಿಸುವರಾದರೂ, ವೇದಿಕೆಯ ಮೇಲೆ ಸಭಿಕರ ಸಮಕ್ಷಮದಲ್ಲಿ ನುಡಿಸಿದಾಗ ಹಿಡಿದಿಟ್ಟ ನೇರ ಮುದ್ರಣಗಳನ್ನೇ, ಅಂದರೆ ಲೈವ್ ರೆಕಾರ್ಡುಗಳನ್ನೇ, ಅಂತಿಮ ಪ್ರಮಾಣವೆಂದು ಎಣಿಸುವರು. ಈ ಲೈವ್ ಮುದ್ರಣಗಳ ಚರಿತ್ರೆಯಲ್ಲಿ ಬೆಂಗಳೂರಿನ ಒಂದು ಮೃದಂಗಶಾಲೆಗೂ ಪಾಲಿದೆಯೆಂಬುದು ನಮ್ಮವರಿಗೆ ಅಷ್ಟಾಗಿ ತಿಳಿದಿಲ್ಲ. ಆ ಕಾರಣದಿಂದಲಾದರೂ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ನಿರೂಪಿಸುವುದು ಉಚಿತವೆಂದು ತೋರುತ್ತದೆ.

ಮೊದಲು ಆ ಸಂಗೀತದ ಸ್ವರೂಪವನ್ನು ಹೇಳಬೇಕು. 1960ರ ದಶಕದ ಮಧ್ಯಭಾಗದವರೆಗೆ ರಾಕ್ ಎಂದರೆ ಬಹುಮಟ್ಟಿಗೆ ಮೂರು ನಿಮಿಷದ ಹಾಡು. ನಾಲ್ಕೆಣಿಕೆಯ ಸರಳವಾದ ಲಯ, ಗಿಟಾರು, ಡ್ರಮ್ಮು, ಪ್ರಣಯವನ್ನು ಕುರಿತ ನಾಲ್ಕು ಮಾತು. 1948ರಲ್ಲಿಯೇ ಬಳಕೆಗೆ ಬಂದಿದ್ದ ಎಲ್‌ಪಿ ತಟ್ಟೆಯು ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮಿಕ್ಕ ಅವಕಾಶವನ್ನು ಕೊಡುತ್ತಿದ್ದರೂ ಆ ಅವಕಾಶವನ್ನು ಅಖಂಡವಾದ ಒಂದೇ ರಚನೆಗೆ ವಿನಿಯೋಗಿಸುವ ಸಾಹಸವನ್ನು ರಾಕ್ ತಂಡಗಳು ಮಾಡಿರಲಿಲ್ಲ. 1969ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಕಿಂಗ್ ಕ್ರಿಮ್ಸನ್, ಯೆಸ್, ಜೆನೆಸಿಸ್, ಪಿಂಕ್ ಫ್ಲಾಯ್ಡ್, ಜೆಥ್ರೊ ಟಲ್ ಮೊದಲಾದ ತಂಡಗಳು ಯೂರೋಪಿನ ಶಾಸ್ತ್ರೀಯ ಸಂಗೀತದಿಂದ ರಚನಾಕ್ರಮವನ್ನೂ, ಜಾಸ್ ಸಂಗೀತದಿಂದ ಮನೋಧರ್ಮವನ್ನೂ, ತಮ್ಮ ಹಳ್ಳಿಗಾಡಿನ ಹಾಡುಗಳಿಂದ ಮಟ್ಟುಗಳನ್ನೂ ಎತ್ತಿಕೊಂಡು ರಾಕ್ ಸಂಗೀತಕ್ಕೆ ಪ್ರಬಂಧದ ವಿಸ್ತಾರವನ್ನು ತಂದುವು. ಯೆಸ್ ತಂಡದ ‘ಕ್ಲೋಸ್ ಟು ದಿ ಎಡ್ಜ್’ ಎಂಬ ರಚನೆ 18 ನಿಮಿಷಗಳದು; ಪಿಂಕ್ ಫ್ಲಾಯ್ಡಿನ ‘ಎಕೋಸ್’ 23 ನಿಮಿಷಗಳದು. ಲಯದಲ್ಲಿಯೂ ಇವರು ನಾಲ್ಕೆಣಿಕೆಯ ಬೇಲಿಯನ್ನು ದಾಟಿದರು. ಜೆಥ್ರೊ ಟಲ್ 1969ರಲ್ಲಿ ನುಡಿಸಿದ ‘ಲಿವಿಂಗ್ ಇನ್ ದಿ ಪಾಸ್ಟ್’ ಐದೆಣಿಕೆಯದು, ಪಿಂಕ್ ಫ್ಲಾಯ್ಡಿನ 1973ರ ‘ಮನಿ’ ಏಳೆಣಿಕೆಯದು. ಆಂಗ್ಲ ಕೇಳುಗನು ಇವುಗಳಿಗೆ ಕಾಲು ತಟ್ಟಲು ಹೋಗಿ ಮುಗ್ಗರಿಸುತ್ತಿದ್ದನಂತೆ. ಖಂಡಚಾಪು ಮಿಶ್ರಚಾಪುಗಳನ್ನು ಮಕ್ಕಳ ಪಾಠದಲ್ಲಿಯೇ ಕೈಗೂಡಿಸಿಕೊಂಡ ನಮ್ಮವರಿಗೆ ಆ ತೊಡಕು ಇರತಕ್ಕದ್ದಲ್ಲ.

ರಚನೆ ದೀರ್ಘವಾಯಿತು, ಲಯ ಸಂಕೀರ್ಣವಾಯಿತು. ಇದರಿಂದ ಉಂಟಾದ ಫಲವೇನೆಂದರೆ, ಸ್ಟುಡಿಯೊದಲ್ಲಿ ಮುದ್ರಿತವಾದ ರೂಪವು ಕೃತಿಯ ಮೊದಲ ಕರಡು ಮಾತ್ರವಾಯಿತು. ತಂಡವು ಅದನ್ನು ಊರೂರಿಗೆ ಹೊತ್ತು, ರಾತ್ರಿ ರಾತ್ರಿ ನುಡಿಸುತ್ತಾ ಹೋದಂತೆ ಎಲ್ಲಿ ನಿಲ್ಲಬೇಕು, ಎಲ್ಲಿ ಬೆಳೆಸಬೇಕು, ಯಾರು ಯಾರಿಗೆ ದಾರಿ ಬಿಡಬೇಕು ಎಂಬುದು ನಿಶ್ಚಿತವಾಗುತ್ತ ಬಂದಿತು. ಕೆಲವೊಮ್ಮೆ ಕ್ರಮವೇ ತಿರುವುಮುರುವಾದದ್ದೂ ಉಂಟು: 1973ರ ಮಾರ್ಚಿನಲ್ಲಿ ಹೊರಬಂದು ಜಗದ್ವಿಖ್ಯಾತವಾದ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಕೃತಿಯನ್ನು ಪಿಂಕ್ ಫ್ಲಾಯ್ಡ್ 1972ರ ಫೆಬ್ರವರಿಯಲ್ಲಿಯೇ ಲಂಡನ್ನಿನ ರೇನ್‌ಬೋ ರಂಗಮಂದಿರದಲ್ಲಿ ಸಭಿಕರ ಮುಂದೆ ನುಡಿಸಿತ್ತು. ಅದನ್ನು ಯಾರೋ ಗುಟ್ಟಾಗಿ ಮುದ್ರಿಸಿಕೊಂಡು, ಅಧಿಕೃತ ಮುದ್ರಿಕೆ ಬರುವುದಕ್ಕೆ ಮುಂಚೆಯೇ ಕಳ್ಳಪ್ರತಿಯಾಗಿ ಮಾರಿದರು. ತಂಡದವರು ಸಿಟ್ಟಾದದ್ದು ಸಹಜ. ಆದರೆ ಹುಟ್ಟುತ್ತಿರುವ ಒಂದು ಕೃತಿಯನ್ನು ತೊಟ್ಟಿಲಲ್ಲಿಯೇ ನೋಡುವ ಭಾಗ್ಯ ಲೋಕಕ್ಕೆ ದೊರಕಿದ್ದು ಆ ಕಳ್ಳನಿಂದಲೇ ಎಂಬುದನ್ನು ಅಲ್ಲಗಳೆಯಲಾಗದು.

ಕಚೇರಿಯನ್ನು ಹಿಡಿದಿಡುವ ವಿಧಾನಗಳಲ್ಲಿಯೂ ತಾರತಮ್ಯವಿದೆ. ಅತ್ಯಂತ ಅಗ್ಗದ ದಾರಿಯೆಂದರೆ ಸಭಿಕರ ನಡುವೆ ಕುಳಿತವನೊಬ್ಬನು ಕೋಟಿನೊಳಗೆ ಮೈಕನ್ನು ಅಡಗಿಸಿಕೊಂಡು ಮುದ್ರಿಸುವುದು. ಇದರಲ್ಲಿ ಸಂಗೀತದಷ್ಟೇ ಸ್ಪಷ್ಟವಾಗಿ ಪಕ್ಕದವನ ಕೆಮ್ಮೂ ಕೇಳಿಬರುವುದು. ಎರಡನೆಯದು, ವೇದಿಕೆಯ ಮೈಕುಗಳೆಲ್ಲ ಬಂದು ಸೇರುವ ಮಿಕ್ಸರಿನಿಂದಲೇ ತಂತಿಯೆಳೆದು ಎರಡು ವಾಹಿನಿಗಳಲ್ಲಿ ಟೇಪಿಗೆ ಇಳಿಸುವುದು. ವಾದ್ಯಗಳು ಚೆನ್ನಾಗಿ ಬರುತ್ತವೆ, ಆದರೆ ಸಭಾಂಗಣದ ಗಾಳಿ ಅದರಲ್ಲಿ ಇರುವುದಿಲ್ಲ, ತಪ್ಪಾಗಿ ಬಿದ್ದ ಪ್ರಮಾಣವನ್ನು ಮುಂದೆ ಸರಿಪಡಿಸುವುದಕ್ಕೂ ಆಗುವುದಿಲ್ಲ. ಬಹು ವೆಚ್ಚದ ಮೂರನೆಯ ಕ್ರಮದಲ್ಲಿ, ಸ್ಟುಡಿಯೊದ ಯಂತ್ರಗಳನ್ನೆಲ್ಲ ಒಂದು ಲಾರಿಯೊಳಗೆ ಅಳವಡಿಸಿ, ಅದನ್ನು ರಂಗಮಂದಿರದ ಹಿಂಬದಿಗೆ ತಂದು ನಿಲ್ಲಿಸಿ, ಒಂದೊಂದು ವಾದ್ಯವನ್ನೂ ಅಗಲವಾದ ಸುರುಳಿಯ ಮೇಲೆ ಪ್ರತ್ಯೇಕವಾದ ಪಟ್ಟಿಯಲ್ಲಿ ಮುದ್ರಿಸಿಕೊಂಡು, ಅನಂತರ ನಿಧಾನವಾಗಿ ಕುಳಿತು ಬೆರಸುತ್ತಾರೆ. ರೋಲಿಂಗ್ ಸ್ಟೋನ್ಸ್ ತಂಡದವರು ಇಂಥ ಒಂದು ಲಾರಿಯನ್ನು ತಮಗಾಗಿ ಕಟ್ಟಿಸಿಕೊಂಡು ಇತರರಿಗೂ ಬಾಡಿಗೆಗೆ ಕೊಡುತ್ತಿದ್ದರು. ಜೆಥ್ರೊ ಟಲ್ ತಂಡದ ನಾಯಕ, ಒಂಟಿಕಾಲಿನಲ್ಲಿ ನಿಂತು ಕೊಳಲೂದುವ ಭಂಗಿಯಿಂದ ನಮ್ಮವರ ಕಣ್ಣಿಗೆ ತಟ್ಟನೆ ಪರಿಚಿತನಂತೆ ಕಾಣುವ ಇಯಾನ್ ಆಂಡರ್ಸನ್, 1978ರ ‘ಬರ್ಸ್ಟಿಂಗ್ ಔಟ್’ ಎಂಬ ನೇರ ಮುದ್ರಿಕೆಗೆ ಇಂಥ ಸಂಚಾರಿ ಸ್ಟುಡಿಯೊವನ್ನೇ ಬಳಸಿದರು. ಯೆಸ್ ತಂಡವಂತೂ 1972ರ ಕಚೇರಿಗಳಿಂದ ಆರಿಸಿ, ಮೂರು ತಟ್ಟೆಗಳ ‘ಯೆಸ್‌ಸಾಂಗ್ಸ್’ ಸಂಪುಟವನ್ನು 1973ರಲ್ಲಿ ಹೊರತಂದಿತು. ಎರಡು ಗಂಟೆಗೂ ಮಿಕ್ಕ ಆ ಸಂಪುಟದಲ್ಲಿ ಧ್ವನಿ ಅಲ್ಲಲ್ಲಿ ಮಸುಕಾಗಿದೆಯೆಂಬ ಆಕ್ಷೇಪಣೆ ಅಂದಿನಿಂದಲೂ ಇದ್ದು, ಅದು ಅಸಾಧುವೂ ಅಲ್ಲ.

ಆದರೆ ನೇರ ಮುದ್ರಣವೆಂಬುದನ್ನು ಒಂದು ಶಾಸ್ತ್ರವನ್ನಾಗಿ, ಕೆಲವರು ಹೇಳುವಂತೆ ಒಂದು ಗೀಳನ್ನಾಗಿ ಬೆಳೆಸಿದ ಕೀರ್ತಿ ಕಿಂಗ್ ಕ್ರಿಮ್ಸನ್ ತಂಡಕ್ಕೆ ಸಲ್ಲತಕ್ಕದ್ದು. 1969ರಿಂದ, ಟೋಕಿಯೊ ನಗರದಲ್ಲಿ 2021ರ ಡಿಸೆಂಬರ್ 8ರಂದು ನುಡಿಸಿದ ಕೊನೆಯ ಕಚೇರಿಯವರೆಗೆ, ನಡುನಡುವೆ ವರ್ಷಗಟ್ಟಲೆ ಮುಚ್ಚಿ ಮತ್ತೆ ತೆರೆದ ಈ ತಂಡದಲ್ಲಿ ಗಿಟಾರುವಾದಕ ರಾಬರ್ಟ್ ಫ್ರಿಪ್ ಒಬ್ಬರನ್ನುಳಿದು ಮಿಕ್ಕವರೆಲ್ಲ ಬಂದು ಹೋದವರು. ಇವರ ಮೊದಲ ನೇರ ಮುದ್ರಿಕೆಯಾದ ‘ಅರ್ತ್‌ಬೌಂಡ್’ (1972) ಅಮೆರಿಕದ ಪ್ರವಾಸಕಾಲದಲ್ಲಿ ಸಾಮಾನ್ಯ ಕ್ಯಾಸೆಟ್ಟಿನ ಮೇಲೆ ಮುದ್ರಿತವಾದುದು. ಮಳೆ ಸುರಿಯುತ್ತಿರಲು ಫೋಕ್ಸ್‌ವ್ಯಾಗನ್ ವಾಹನವೊಂದರ ಹಿಂಬದಿಯಲ್ಲಿ ಯಂತ್ರವನ್ನಿಟ್ಟುಕೊಂಡು ಮುದ್ರಿಸಿದ ಭಾಗವೂ ಅದರಲ್ಲಿದೆ. ಧ್ವನಿ ಎಷ್ಟು ಒರಟಾಗಿತ್ತೆಂದರೆ ಅಮೆರಿಕದ ಪ್ರಕಾಶಕರು ಅದನ್ನು ಮಾರುಕಟ್ಟೆಗೆ ಬಿಡಲು ಒಪ್ಪಲಿಲ್ಲ. ಒಪ್ಪದಿದ್ದುದು ವ್ಯಾಪಾರದ ದೃಷ್ಟಿಯಿಂದ ಸರಿಯೇ ಇರಬಹುದು. ಆ ಒರಟುತನದ ಹಿಂದೆ ನಾಲ್ವರು ಸಂಗೀತಗಾರರು ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋಗುವ ವೇಗ ಮಾತ್ರ ಅವರ ಯಾವ ಸ್ಟುಡಿಯೊ ಮುದ್ರಿಕೆಯಲ್ಲಿಯೂ ಸಿಕ್ಕುವುದಿಲ್ಲ.

ಇದಕ್ಕಿಂತ ವಿಚಿತ್ರವಾದುದು 1974ರಲ್ಲಿ ಬಂದ ‘ಸ್ಟಾರ್‌ಲೆಸ್ ಅಂಡ್ ಬೈಬಲ್ ಬ್ಲ್ಯಾಕ್’ ಎಂಬ ಮುದ್ರಿಕೆಯ ವೃತ್ತಾಂತ. ಕೊಂಡವರು ಅದನ್ನು ಸ್ಟುಡಿಯೊ ಕೃತಿಯೆಂದೇ ತಿಳಿದಿದ್ದರು. ವಾಸ್ತವವಾಗಿ ಎರಡು ಹಾಡುಗಳನ್ನು ಬಿಟ್ಟರೆ ಮಿಕ್ಕುದರ ಬಹುಭಾಗವು 1973ರ ಕಚೇರಿಗಳಲ್ಲಿ, ಮುಖ್ಯವಾಗಿ ನವೆಂಬರ್ 23ರಂದು ಆಮ್‌ಸ್ಟರ್‌ಡ್ಯಾಮ್ ನಗರದ ಕನ್ಸರ್ಟ್‌ಖೆಬೌ ಸಭಾಂಗಣದಲ್ಲಿ ನುಡಿಸಿದುದು. ಚಪ್ಪಾಳೆಯನ್ನು ಒರೆಸಿಹಾಕಿ, ಅಲ್ಪಸ್ವಲ್ಪ ಸೇರಿಸಿ, ಸ್ಟುಡಿಯೊದ ವೇಷವನ್ನು ತೊಡಿಸಲಾಗಿತ್ತು. ಅದರಲ್ಲಿ ‘ಟ್ರಯೊ’ ಎಂಬ ಐದೂವರೆ ನಿಮಿಷದ ಭಾಗವೊಂದಿದೆ. ಮೊದಲೇ ಗೊತ್ತುಮಾಡಿಕೊಂಡ ಒಂದು ಸ್ವರವೂ ಅದರಲ್ಲಿಲ್ಲ. ಡೇವಿಡ್ ಕ್ರಾಸ್ ಪಿಟೀಲಿನಲ್ಲಿ ಒಂದು ಎಳೆಯನ್ನು ಮೃದುವಾಗಿ ತೆಗೆಯುತ್ತಾರೆ. ಜಾನ್ ವೆಟನ್ ತಮ್ಮ ಬೇಸ್ ಗಿಟಾರಿನಿಂದ ಕೆಳಗಣ ಆಧಾರವನ್ನು ಕೊಡುತ್ತಾರೆ. ಫ್ರಿಪ್ ಗಿಟಾರನ್ನು ಬಿಟ್ಟು ಮೆಲೊಟ್ರಾನ್ ಎಂಬ ಕೀಲಿಮಣೆಯ ವಾದ್ಯದಲ್ಲಿ ಕೊಳಲಿನ ದನಿಯನ್ನು ಹೊರಡಿಸುತ್ತಾರೆ. ಡ್ರಮ್ಮಿನ ಮುಂದೆ ಕುಳಿತ ಬಿಲ್ ಬ್ರೂಫರ್ಡ್, ಈಗ ಕೈಹಾಕಲೋ ಬೇಡವೋ ಎಂದು ಕಾಯುತ್ತ, ಕಡೆಗೆ ಎರಡು ಕೋಲುಗಳನ್ನೂ ಎದೆಯ ಮೇಲೆ ಅಡ್ಡಲಾಗಿ ಹಿಡಿದು ಭಾಗ ಮುಗಿಯುವವರೆಗೆ ಸುಮ್ಮನೆ ಕುಳಿತುಬಿಟ್ಟರು. ಒಂದು ಪೆಟ್ಟನ್ನೂ ಹೊಡೆಯದ ಆತನ ಹೆಸರನ್ನು ತಂಡದವರು ಆ ರಚನೆಯ ಕರ್ತೃಗಳ ಸಾಲಿನಲ್ಲಿ ಸೇರಿಸಿದರು. ಆತನು ತೋರಿದ ಸಂಯಮವೇ ಆತನ ಕೊಡುಗೆಯೆಂದು ಅವರ ಅಭಿಪ್ರಾಯ. ಮೃದಂಗದವರು ಪಲ್ಲವಿಯ ಸೂಕ್ಷ್ಮ ಸ್ಥಳದಲ್ಲಿ ಕೈಯನ್ನು ಹಿಂದೆಗೆದುಕೊಂಡು ಗಾಯಕನಿಗೆ ಅವಕಾಶ ಬಿಟ್ಟಾಗ ತಲೆದೂಗುವ ನಮ್ಮ ರಸಿಕರಿಗೆ ಇದು ಹೊಸ ನ್ಯಾಯವೇನೂ ಅಲ್ಲ.

ಚಪ್ಪಾಳೆಯನ್ನು ಒರೆಸಿಹಾಕಿದ ಮೇಲೆ ಅದು ನೇರ ಮುದ್ರಣವಾಗಿ ಉಳಿಯಿತೆ ಎಂಬ ಪ್ರಶ್ನೆ ಏಳದೆ ಇರದು. ಇದೇ ತಂಡದ ‘ಯುಎಸ್‌ಎ’ (1975) ಮುದ್ರಿಕೆಯಲ್ಲಿ ಚಪ್ಪಾಳೆಯೇನೋ ಇದೆ. ಆದರೆ ಆಸ್ಬರಿ ಪಾರ್ಕ್ ಊರಿನ ಕಚೇರಿಯಲ್ಲಿ ಕ್ರಾಸ್ ನುಡಿಸಿದ ಪಿಟೀಲಿಗೆ ಬದಲಾಗಿ ಕೆಲವೆಡೆ ಎಡ್ಡಿ ಜಾಬ್ಸನ್ ಎಂಬ ಬೇರೊಬ್ಬ ವಾದಕರ ಪಿಟೀಲನ್ನು ಸ್ಟುಡಿಯೊದಲ್ಲಿ ಕೂಡಿಸಲಾಗಿದೆ. ಇನ್ನು ಪಿಂಕ್ ಫ್ಲಾಯ್ಡಿನವರು 1971ರ ಅಕ್ಟೋಬರಿನಲ್ಲಿ ಇಟಲಿಯ ಪಾಂಪೇ ಪಟ್ಟಣದ ಪ್ರಾಚೀನ ರೋಮನ್ ಬಯಲುರಂಗದಲ್ಲಿ ನುಡಿಸಿ, ಏಡ್ರಿಯನ್ ಮೇಬನ್ ಅವರಿಂದ ಚಿತ್ರೀಕರಿಸಿಕೊಂಡಾಗ ಎದುರಿಗೆ ಸಭಿಕರೇ ಇರಲಿಲ್ಲ. ಚಪ್ಪಾಳೆ ಕೇಳುವುದು ಸುಳ್ಳು, ಕೇಳದಿರುವುದು ನಿಜ ಎಂಬಂಥ ತಲೆಕೆಳಗಾದ ಸ್ಥಿತಿ ಇದು. ನನ್ನ ಮಟ್ಟಿಗೆ ನೇರ ಮುದ್ರಣದ ಲಕ್ಷಣ ಸಭಿಕರ ಸದ್ದಿನಲ್ಲಿ ಇಲ್ಲ. ವಾದಕರು ಏಕಕಾಲದಲ್ಲಿ, ಹಿಂದಿರುಗಿ ತಿದ್ದಲಾರದ ಸ್ಥಿತಿಯಲ್ಲಿ, ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತ ನುಡಿಸಿದರೋ ಇಲ್ಲವೋ ಎಂಬುದರಲ್ಲಿ ಅದು ಇದೆ. ಆ ಅಳತೆಗೋಲಿನಲ್ಲಿ ‘ಟ್ರಯೊ’ ಖಾಸಾ ನೇರ ಮುದ್ರಣ. ‘ಯುಎಸ್‌ಎ’ಯ ತೇಪೆ ಹಾಕಿದ ಭಾಗಗಳು ಅಲ್ಲ.

ಫ್ರಿಪ್ ಅವರ ನಡವಳಿಕೆಯಲ್ಲಿ ಒಂದು ವಿರೋಧಾಭಾಸವಿದ್ದುದನ್ನೂ ಹೇಳದಿರಲಾಗದು. ಸಭಿಕರು ಕಚೇರಿಯಲ್ಲಿ ಛಾಯಾಚಿತ್ರ ತೆಗೆಯುವುದನ್ನೂ ಧ್ವನಿ ಮುದ್ರಿಸಿಕೊಳ್ಳುವುದನ್ನೂ ಅವರು ಕಡುನಿಷ್ಠುರರಾಗಿ ನಿಷೇಧಿಸಿದವರು. ಹಾಗಿದ್ದೂ 1992ರಲ್ಲಿ ‘ದಿ ಗ್ರೇಟ್ ಡಿಸೀವರ್’ ಎಂಬ ನಾಲ್ಕು ಸಿ.ಡಿ.ಗಳ ಪೆಟ್ಟಿಗೆಯಿಂದ ಆರಂಭಿಸಿ, ತಂಡದ ಹಳೆಯ ಕಚೇರಿಗಳನ್ನು ಒಂದಾದ ಮೇಲೊಂದರಂತೆ ಹೊರಗೆ ಬಿಡುತ್ತ ಬಂದರು. ಡೇವಿಡ್ ಸಿಂಗಲ್ಟನ್ ಅವರೊಡನೆ ಕೂಡಿ ಡಿಜಿಎಂ ಎಂಬ ಸ್ವಂತ ಪ್ರಕಾಶನವನ್ನು ಕಟ್ಟಿ, 1998ರಲ್ಲಿ ಸಂಗ್ರಾಹಕರಿಗಾಗಿಯೇ ಒಂದು ಕೂಟವನ್ನು ಸ್ಥಾಪಿಸಿದರು. ಮಿಕ್ಸರಿನ ಟೇಪು ದೊರೆಯದ ರಾತ್ರಿಗಳಿಗೆ ಹಿಂದೆ ಯಾರೋ ಕೋಟಿನೊಳಗೆ ಅಡಗಿಸಿಕೊಂಡು ಮುದ್ರಿಸಿದ ಕಳ್ಳಪ್ರತಿಗಳನ್ನೇ ತರಿಸಿ, ತೊಳೆದು, ಅಧಿಕೃತವಾಗಿ ಪ್ರಕಟಿಸಿದರು. ಒಂದೇ ಪ್ರವಾಸದ ಹತ್ತಾರು ರಾತ್ರಿಗಳನ್ನು, ಬಹುತೇಕ ಅವೇ ರಚನೆಗಳನ್ನು, ಸಂಪೂರ್ಣವಾಗಿ ಅಚ್ಚುಹಾಕುವುದು ಅತಿರೇಕವಲ್ಲವೆ ಎಂದು ಕೇಳಬಹುದು. ಸಾಧಾರಣ ಶ್ರೋತೃವಿಗೆ ಅತಿರೇಕವೇ ಸರಿ. ಎಲ್ಲವನ್ನೂ ಕೇಳಬೇಕೆಂದು ಯಾರೂ ಹೊರಡಬಾರದು. ಆದರೂ ಒಂದು ತೋಡಿಯನ್ನು ಒಬ್ಬ ವಿದ್ವಾಂಸರಿಂದಲೇ ಹತ್ತು ಸಲ ಕೇಳಿ, ಹನ್ನೊಂದನೆಯ ಸಲಕ್ಕೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ನಡೆದುಬಂದ ರಾಮನವಮಿಯ ಚಪ್ಪರಕ್ಕೆ ಹೋಗಿ ಕೂರುತ್ತಿದ್ದವರು ನಮ್ಮಲ್ಲಿಯೂ ಇದ್ದರಲ್ಲವೆ? ಅವರು ಆ ಫ್ರಿಪ್ ಮಹಾಶಯರನ್ನು ಅರ್ಥಮಾಡಿಕೊಳ್ಳುತ್ತಿದ್ದರು.

ಇನ್ನು ಬೆಂಗಳೂರಿನ ಸಂಗತಿಗೆ ಬರುವೆನು. ಪಾಶ್ಚಾತ್ಯ ಸಂಗೀತದ ಮುದ್ರಣಕ್ಕೂ ಮೈಸೂರು ಸೀಮೆಗೂ ನಂಟು ಹಳೆಯದು. ಶ್ರೀ ಜಯಚಾಮರಾಜ ಒಡೆಯರವರು, ಲಂಡನ್ನಿನಲ್ಲಿ ವೃದ್ಧಾಪ್ಯವನ್ನು ಕಳೆಯುತ್ತಿದ್ದ ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ವಾಗ್ಗೇಯಕಾರರ ಕೃತಿಗಳನ್ನು 1940ರ ದಶಕದ ಕೊನೆಯಲ್ಲಿ ತಮ್ಮ ದ್ರವ್ಯದಿಂದ ಮುದ್ರಣ ಮಾಡಿಸಿ ಉಳಿಸಿದುದನ್ನು ಪಾಶ್ಚಾತ್ಯ ರಸಿಕರು ಇಂದಿಗೂ ಸ್ಮರಿಸುವರು. ಆದರೆ ಅದು ಅರಮನೆಯ ಔದಾರ್ಯ. ನಾನೀಗ ಹೇಳಹೊರಟಿರುವುದು ಅರಮನೆಯ ನೆರಳಿಲ್ಲದೆ ಬೆಳೆದ ಸಂಸ್ಥೆಯ ಕಥೆ. ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಎಂಬ ತಾಳವಾದ್ಯ ಶಾಲೆಯನ್ನು ಸ್ಥಾಪಿಸಿದರು. ಮೃದಂಗ, ಘಟ, ಖಂಜಿರ, ಮೋರ್ಸಿಂಗ್, ಕೊನ್ನಕೋಲುಗಳನ್ನು ಅಲ್ಲಿ ಕಲಿಸುತ್ತಿದ್ದುದಲ್ಲದೆ, ಪಕ್ಕವಾದ್ಯವೆಂದು ಬದಿಗೆ ಕೂರಿಸಲ್ಪಟ್ಟಿದ್ದ ಈ ವಾದ್ಯಗಳನ್ನೇ ವೇದಿಕೆಯ ಮಧ್ಯಕ್ಕೆ ತಂದ ‘ತಾಳತರಂಗಿಣಿ’ ಎಂಬ ಮೇಳವನ್ನೂ ಅವರು ನಡೆಸಿದರು. ಅವರ ಪತ್ನಿ, ವಿದುಷಿ ಆರ್.ಎ. ರಮಾಮಣಿಯವರು ಗಾಯನದಲ್ಲಿಯೂ ಲಯದಲ್ಲಿಯೂ ಸಮಾನ ಪ್ರಭುತ್ವವುಳ್ಳವರು. ಸ್ವರಕಲ್ಪನೆ ಹಾಡುತ್ತಾ ಹಾಡುತ್ತಾ ಅವರು ಜತಿಗಳಿಗೆ ಇಳಿಯುವ ರೀತಿಯನ್ನು ಒಮ್ಮೆ ಕೇಳಿದವರು ಮರೆಯಲಾರರು.

ಅತ್ತ ಜರ್ಮನಿಯ ಮ್ಯೂನಿಕ್ ನಗರದಲ್ಲಿ 1969ರಲ್ಲಿ ಕ್ರಿಶ್ಚಿಯನ್ ಬುರ್ಖಾರ್ಡ್ ಎಂಬವರು ಎಂಬ್ರಿಯೊ ಎಂಬ ತಂಡವನ್ನು ಕಟ್ಟಿದ್ದರು. ಇಂಗ್ಲೆಂಡಿನ ತಂಡಗಳು ಯೂರೋಪಿನ ಶಾಸ್ತ್ರೀಯ ಸಂಗೀತದತ್ತ ತಿರುಗಿದ್ದರೆ ಇವರು ಪೂರ್ವದೇಶಗಳತ್ತ ತಿರುಗಿದರು. ದೊಡ್ಡ ಕಂಪೆನಿಗಳ ಹಂಗು ಬೇಡವೆಂದು ಇತರ ಕೆಲವು ತಂಡಗಳೊಡನೆ ಸೇರಿ 1976ರಲ್ಲಿ ಮುದ್ರಿಕೆಗಳನ್ನು ಹೊರತರುವ ಸ್ವಂತ ಸಂಸ್ಥೆಯನ್ನೂ ಮಾಡಿಕೊಂಡರು. 1978ರಲ್ಲಿ ಬಸ್ಸಿನಲ್ಲಿ ವಾದ್ಯಗಳನ್ನೂ ಮುದ್ರಣಯಂತ್ರವನ್ನೂ ಹೇರಿಕೊಂಡು, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನಗಳ ಮೂಲಕ ನೆಲದ ಮಾರ್ಗದಿಂದಲೇ ಭಾರತಕ್ಕೆ ಬಂದರು. ದಾರಿಯಲ್ಲಿ ದೊರೆತ ಸಂಗೀತಗಾರರೊಡನೆ ಕುಳಿತು ನುಡಿಸುವುದು, ನುಡಿಸಿದುದನ್ನು ಅಲ್ಲಿಯೇ ಟೇಪಿಗೆ ಇಳಿಸುವುದು, ಇದೇ ಆ ಯಾತ್ರೆಯ ಕ್ರಮ. 1979ರಲ್ಲಿ ‘ಎಂಬ್ರಿಯೋಸ್ ರೈಸೆ’ ಎಂಬ ಜೋಡಿ ತಟ್ಟೆಗಳಲ್ಲಿ ಅದರ ಫಲ ಪ್ರಕಟವಾಯಿತು. ವೆರ್ನರ್ ಪೆಂಟ್ಸೆಲ್ ಎಂಬ ನಿರ್ದೇಶಕರು ಯಾತ್ರೆಯನ್ನು ಚಿತ್ರೀಕರಿಸಿಯೂ ಇಟ್ಟಿದ್ದಾರೆ. ಅದೇ ವರ್ಷ ಇರಾನಿನಲ್ಲಿ ಕ್ರಾಂತಿಯಾಗಿ, ವರ್ಷಾಂತ್ಯಕ್ಕೆ ಸೋವಿಯತ್ ಸೈನ್ಯವು ಅಫ್ಘಾನಿಸ್ತಾನವನ್ನು ಹೊಕ್ಕಿತು. ಆ ಹೆದ್ದಾರಿಯಲ್ಲಿ ಹಾಗೆ ವಾದ್ಯ ಬಾರಿಸುತ್ತ ಬರುವ ಭಾಗ್ಯ ಮತ್ತೆ ಯಾರಿಗೂ ಸುಲಭವಾಗಿ ಒದಗಲಿಲ್ಲ.

ಈ ಎಂಬ್ರಿಯೊ ಬಳಗಕ್ಕೂ ಮಣಿಯವರ ಶಾಲೆಗೂ ಬೆಳೆದ ಸ್ನೇಹ ಸಂಗೀತದ ಚರಿತ್ರೆಯಲ್ಲಿ ಒಂದು ಅಧ್ಯಾಯವೇ ಆಯಿತು. 1980ರಲ್ಲಿ ಎರಡೂ ಪಕ್ಷಗಳು ಕೂಡಿದ ‘ಲೈಫ್’ ಎಂಬ ಮುದ್ರಿಕೆ ಬಂದಿತು. ಎಂಬ್ರಿಯೊದಿಂದ ಕವಲೊಡೆದ ಡಿಸಿಡೆಂಟೆನ್ ಎಂಬ ತಂಡದ ಮೊದಲನೆಯ ಕೃತಿಯಾದ 1982ರ ‘ಜರ್ಮನಿಸ್ತಾನ್’ ಕೂಡ ಈ ಶಾಲೆಯವರ ಸಹಯೋಗದಿಂದಲೇ ಆದುದು. ಎರಡರಲ್ಲಿಯೂ ಚಾರ್ಲಿ ಮರಿಯಾನೊ ಎಂಬ ಅಮೆರಿಕದ ಹಿರಿಯ ಸ್ಯಾಕ್ಸಫೋನ್ ವಾದಕರು ಭಾಗಿಗಳು. ಬಾಸ್ಟನ್ನಿನಲ್ಲಿ 1923ರಲ್ಲಿ ಹುಟ್ಟಿ ಜಾಸ್ ಸಂಗೀತದಲ್ಲಿ ಹೆಸರು ಮಾಡಿದ್ದ ಇವರು ನಡುವಯಸ್ಸಿನಲ್ಲಿ ನಾಗಸ್ವರಕ್ಕೆ ಮನಸೋತು, ಶಿಷ್ಯರಾಗಿ ಕುಳಿತು ಅದನ್ನು ಕಲಿತವರು. ಇನ್ನೊಬ್ಬರ ಹೆಸರನ್ನೂ ಹೇಳಬೇಕು. ಮದರಾಸಿನಲ್ಲಿ ಹುಟ್ಟಿದ ರಮೇಶ್ ಶೋತಮ್, ಹ್ಯೂಮನ್ ಬಾಂಡೇಜ್ ಎಂಬ ರಾಕ್ ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದವರು, ಮಣಿಯವರ ಶಾಲೆಯಲ್ಲಿ ನಮ್ಮ ತಾಳಪದ್ಧತಿಯನ್ನು ಕಲಿತು, ತವಿಲನ್ನು ಹೆಗಲಿಗೆ ಹಾಕಿಕೊಂಡು ಯೂರೋಪಿಗೆ ಹೋಗಿ ನೆಲೆಸಿದರು. ರಾಕ್ ಸಂಗೀತದಿಂದ ತವಿಲಿಗೆ ಬಂದವರು, ಜಾಸ್ ಸಂಗೀತದಿಂದ ನಾಗಸ್ವರಕ್ಕೆ ಬಂದವರು, ಮೃದಂಗದಿಂದ ಪ್ರೋಗ್ರೆಸಿವ್ ವೇದಿಕೆಗೆ ಹೋದವರು, ಹೀಗೆ ಎಲ್ಲರೂ ತಮ್ಮ ತಮ್ಮ ಮನೆಯಿಂದ ಹೊರಬಿದ್ದು ನಡುಬೀದಿಯಲ್ಲಿ ಸಂಧಿಸಿದರು.

ಈ ಬಳಗದ ಮುದ್ರಿಕೆಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ‘ಜ್ಯೋತಿ’. ಮ್ಯೂನಿಕ್ಕಿನ ಇಸಿಎಂ ಸಂಸ್ಥೆಗಾಗಿ 1983ರ ಫೆಬ್ರವರಿಯಲ್ಲಿ ಲುಡ್ವಿಗ್ಸ್‌ಬುರ್ಗ್ ಊರಿನ ಸ್ಟುಡಿಯೊದಲ್ಲಿ ಮುದ್ರಿತವಾಯಿತು. ಮರಿಯಾನೊ ಅವರ ಸ್ಯಾಕ್ಸಫೋನು ಮತ್ತು ಕೊಳಲು, ರಮಾಮಣಿಯವರ ಕಂಠ, ಮಣಿಯವರ ಮೃದಂಗ, ಆರ್.ಎ. ರಾಜಗೋಪಾಲರ ಘಟ, ಟಿ.ಎನ್. ಶಶಿಕುಮಾರರ ಖಂಜಿರ. ‘ವಂದನಂ’, ‘ವರ್ಷಿಣಿ’, ‘ಸಪ್ತರ್ಷಿ’ ಎಂಬ ಹೆಸರುಗಳ ರಚನೆಗಳು ಅದರಲ್ಲಿವೆ. ಧ್ವನಿ ಸ್ಫಟಿಕದಂತೆ ನಿರ್ಮಲ. ಮುಂದೆ ಇದೇ ಬಳಗದ ವೇದಿಕೆಯ ಕಚೇರಿ ‘ಲೈವ್’ ಎಂಬ ಹೆಸರಿನಲ್ಲಿಯೇ ಹೊರಬಂದಿತು. ಎರಡನ್ನೂ ಒಂದಾದ ಮೇಲೊಂದು ಕೇಳಿದರೆ ಈ ಲೇಖನದ ಪ್ರತಿಪಾದನೆ ಕಿವಿಗೇ ತಿಳಿದುಬರುತ್ತದೆ. ‘ಜ್ಯೋತಿ’ಯಲ್ಲಿ ಒಬ್ಬೊಬ್ಬರೂ ತಮ್ಮ ಸ್ಥಾನವನ್ನರಿತು ವಿನಯದಿಂದ ನುಡಿಸುತ್ತಾರೆ. ವೇದಿಕೆಯ ಮೇಲಾದರೋ ರಮಾಮಣಿಯವರು ಎಸೆದ ಸ್ವರಗುಚ್ಛವನ್ನು ಮರಿಯಾನೊ ಹಿಡಿಯಲು ಹೋಗಿ ಒಂದು ಕ್ಷಣ ಹಿಂದುಳಿಯುವುದು, ಹಿಂದುಳಿದದ್ದನ್ನೇ ಚಮತ್ಕಾರವಾಗಿ ತಿರುಗಿಸಿ ಮುಂದಿನ ಆವರ್ತದಲ್ಲಿ ಕೂಡಿಕೊಳ್ಳುವುದು, ಮೃದಂಗವು ಅದಕ್ಕೆ ನಗುತ್ತ ಒಪ್ಪಿಗೆ ಕೊಡುವುದು, ಇಂಥವೆಲ್ಲ ಕೇಳಿಬರುತ್ತವೆ. ಎರಡರಲ್ಲಿ ಒಂದನ್ನೇ ಇಟ್ಟುಕೊಳ್ಳಬೇಕೆಂದರೆ ನಾನು ಎರಡನೆಯದನ್ನು ಇಟ್ಟುಕೊಳ್ಳುವೆನು.

ಕುತೂಹಲಕರವಾದ ಇನ್ನೊಂದು ಸಂಗತಿ ಇದೆ. ಕಿಂಗ್ ಕ್ರಿಮ್ಸನ್ ತಂಡವು 2014ರಲ್ಲಿ ಪುನಃ ಕೂಡಿದಾಗ ಫ್ರಿಪ್ ಅವರು ಮೂರು ಮಂದಿ ಡ್ರಮ್ ವಾದಕರನ್ನು ಸೇರಿಸಿಕೊಂಡು, ಯಾವತ್ತೂ ಹಿಂದೆ ಕೂರುತ್ತಿದ್ದ ಅವರನ್ನು ವೇದಿಕೆಯ ಮುಂಚೂಣಿಗೆ ತಂದು, ಗಿಟಾರಿನವರನ್ನೂ ಗಾಯಕನನ್ನೂ ಹಿಂದಿನ ಸಾಲಿಗೆ ಏರಿಸಿದರು. ಪಾಶ್ಚಾತ್ಯ ವಿಮರ್ಶಕರು ಇದನ್ನು ಅಭೂತಪೂರ್ವವೆಂದು ಹೊಗಳಿದರು. ತಾಳವಾದ್ಯ ಕಚೇರಿಯಲ್ಲಿ ಮೃದಂಗ ಘಟ ಖಂಜಿರಗಳು ಮುಂದೆ ಕುಳಿತು, ಪಿಟೀಲೋ ಗಾಯನವೋ ಹಿಂದಿನಿಂದ ಆವರ್ತವನ್ನು ಎಣಿಸಿಕೊಡುವುದನ್ನು ಕಂಡಿದ್ದ ಬೆಂಗಳೂರಿನವರು ಏನೆಂದುಕೊಂಡರೋ! ಆ ತಂಡದ 2016ರ ‘ರ್‍ಯಾಡಿಕಲ್ ಆಕ್ಷನ್’ ಎಂಬ ನೇರ ಮುದ್ರಿಕೆಯಲ್ಲಿ ಮೂವರ ನಡುವಿನ ಸವಾಲು ಜವಾಬುಗಳನ್ನು ಕೇಳಬಹುದು. ಅಲ್ಲಿಯೂ ಹಳೆಯ ಚಾಳಿಯಂತೆ ಚಪ್ಪಾಳೆಯನ್ನು ಒರೆಸಲಾಗಿದೆ. ತನಿ ಆವರ್ತನದ ಮೋಹರ ಮುಕ್ತಾಯಗಳ ಬಿಗಿಯನ್ನು ಅದು ಮುಟ್ಟುವುದಿಲ್ಲವೆಂದು ನನ್ನ ಎಣಿಕೆ. ಆದರೆ ಒಬ್ಬರ ಪೆಟ್ಟನ್ನು ಮೂವರೂ ಹಂಚಿಕೊಂಡು ಒಂದೇ ಲಯವನ್ನು ನೇಯುವ ಅದರ ಬಗೆಯಿಂದ ನಮ್ಮ ತರುಣ ವಾದಕರು ಕಲಿಯಬಹುದಾದುದು ಇಲ್ಲದಿಲ್ಲ.

ಬೆಂಗಳೂರಿನ ಅರಮನೆ ಮೈದಾನಕ್ಕೆ ಪಿಂಕ್ ಫ್ಲಾಯ್ಡಿನ ರೋಜರ್ ವಾಟರ್ಸ್ 2002ರ ಏಪ್ರಿಲಿನಲ್ಲಿ ಬಂದು ಹಾಡಿದರು. ಕರ್ನಾಟಕ ಸಂಗೀತದ ಕೃತಿಗಳನ್ನು ಪ್ರೋಗ್ರೆಸಿವ್ ರಾಕ್ ಚೌಕಟ್ಟಿನಲ್ಲಿ ನುಡಿಸುವ ‘ಅಗಂ’ ಎಂಬ ತಂಡವು ಬೆಂಗಳೂರಿನಲ್ಲಿಯೇ ಹುಟ್ಟಿ, ನಳಿನಕಾಂತಿಯ ‘ಮನವ್ಯಾಳಕಿಂಚರ’ದಂಥ ಕೃತಿಯನ್ನು ಡ್ರಮ್ಮಿನ ಮೊಳಗಿನ ನಡುವೆ ತರುಣರಿಂದ ಹಾಡಿಸುತ್ತಿದೆ. ಇವನ್ನು ಕುರಿತು ಬರೆಯುವವರು ಬೇರೆ ಇದ್ದಾರೆ. ನಾನು ಹೆಚ್ಚು ಹೇಳಹೋಗುವುದಿಲ್ಲ.

ಹೇಳಬೇಕೆನಿಸುವುದು ನಮ್ಮ ನೆರೆಯ ಒಂದು ಸಂಸ್ಥೆಯ ವಿಚಾರ. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯವರಾದ ಎಚ್.ಎಲ್. ನಾಗೇಗೌಡರು, ಹಿರಿಯ ಅಧಿಕಾರಿಯಾಗಿದ್ದು ನಿವೃತ್ತರಾದ ಮೇಲೆ, ನಮ್ಮ ಹೆದ್ದಾರಿಯ ಬದಿಯಲ್ಲಿಯೇ, ರಾಮನಗರದ ಸಮೀಪದಲ್ಲಿ ಜಾನಪದ ಲೋಕವನ್ನು ಕಟ್ಟಿದರು. ಅಲ್ಲಿನ ಮಡಕೆ ಕುಡಿಕೆ ಗೊಂಬೆಗಳನ್ನು ನೋಡಿ ಹಿಂದಿರುಗುವ ಪ್ರವಾಸಿಗರಲ್ಲಿ ಬಹುಮಂದಿಗೆ, ಜನಪದ ಗಾಯಕರ ಧ್ವನಿಯನ್ನೂ ದೃಶ್ಯವನ್ನೂ ಮುದ್ರಿಸಿ ಕೂಡಿಟ್ಟ ಭಂಡಾರವೂ ಅಲ್ಲಿ ಇದೆಯೆಂಬುದು ಗೊತ್ತಿಲ್ಲ. ಇಂಗ್ಲೆಂಡಿನ ಗಿಟಾರುವಾದಕರೊಬ್ಬರು ತಮ್ಮ ತಂಡದ ಒಂದೊಂದು ರಾತ್ರಿಯೂ ಕಾಪಾಡತಕ್ಕದ್ದೆಂದು ನಂಬಿ ಮಾಡಿದ ಕೆಲಸವನ್ನೇ ನಾಗೇಗೌಡರು ನೂರಾರು ಕಲಾವಿದರ ಪರವಾಗಿ ಮಾಡಿದರು. ಫ್ರಿಪ್ ಅವರಿಗೆ ಇದ್ದ ಗ್ರಾಹಕರು ಇವರಿಗಿರಲಿಲ್ಲ. ಮದ್ದೂರು ಮಳವಳ್ಳಿ ಕಡೆಯ ಮನೆಗಳ ಅಟ್ಟಗಳಲ್ಲಿ, ಮದುವೆಯ ಚಪ್ಪರದಲ್ಲಿಯೋ ಹಬ್ಬದ ರಾತ್ರಿಯಲ್ಲಿಯೋ ಯಾರೋ ಉತ್ಸಾಹದಿಂದ ಮುದ್ರಿಸಿಕೊಂಡ ಕ್ಯಾಸೆಟ್ಟುಗಳು ಇನ್ನೂ ಇರತಕ್ಕವು. ಟೇಪು ಚಿರಂಜೀವಿಯಲ್ಲ, ತೇವಕ್ಕೆ ಬೂಸಲು ಹಿಡಿಯುವುದು, ಲೇಪನ ಉದುರುವುದು. ಅಂಥವು ಇರುವವರು ಪ್ರತಿ ಮಾಡಿಸಿ ಇಟ್ಟುಕೊಳ್ಳುವುದೋ, ಇಂಥ ಭಂಡಾರದವರನ್ನು ಕೇಳುವುದೋ ಮಾಡಿದರೆ ಒಳ್ಳೆಯದು.

ಈ ಸಂಗೀತಕ್ಕೆ ಹೊಸಬರಾದ ಓದುಗರು ಎಲ್ಲಿಂದ ಆರಂಭಿಸಬೇಕೆಂದು ಕೇಳಿದರೆ, ಇಂದು ಮೊಬೈಲಿನಲ್ಲಿಯೇ ಇವುಗಳಲ್ಲಿ ಹೆಚ್ಚಿನವು ಸಿಕ್ಕುವುದರಿಂದ ಉತ್ತರ ಸುಲಭ. ಮೊದಲು ‘ಜ್ಯೋತಿ’ಯನ್ನು ಕೇಳಿ, ಕಿವಿಗೆ ಪರಿಚಿತವಾದುದರ ಆಸರೆ ಅದರಲ್ಲಿದೆ. ಅನಂತರ ಐದೂವರೆ ನಿಮಿಷದ ‘ಟ್ರಯೊ’ವನ್ನು, ಬೇರೆ ಕೆಲಸವಿಲ್ಲದ ಹೊತ್ತಿನಲ್ಲಿ, ಸದ್ದನ್ನು ತುಸು ಏರಿಸಿಕೊಂಡು ಕೇಳಿ, ಅದು ಬಹಳ ಮೆಲ್ಲಗೆ ಆರಂಭವಾಗುವುದರಿಂದ ಯಂತ್ರ ಕೆಟ್ಟಿತೆಂದು ಭ್ರಮಿಸಬೇಡಿ. ಇವೆರಡೂ ಹಿಡಿಸಿದರೆ ‘ಯೆಸ್‌ಸಾಂಗ್ಸ್’ಗೆ ಒಂದು ಭಾನುವಾರದ ಮಧ್ಯಾಹ್ನವನ್ನು ಎತ್ತಿಡಿ. ಹಿಡಿಸದಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ‘ಅರ್ತ್‌ಬೌಂಡ್’ ಕಡೆಗಂತೂ ತಲೆಹಾಕಬೇಡಿ.